ಗುರುಶಾಂತಮ್ಮನ ಕೈಗುಣ

ಗುರುಶಾಂತಮ್ಮ ನನ್ನಪ್ಪನ ತಂಗಿ. ನಮ್ಮದು ಆಳಂದ ತಾಲ್ಲೂಕಿನ ಸರಸಂಬಾ. ಬಹಳ ವರ್ಷ ನರ್ಸಾಗಿ ಕೆಲಸ ಮಾಡಿದ ಆಕೆ ಕಡೆಗಾಲಕ್ಕೆ ಆಳಂದದಲ್ಲಿ ನನ್ನ ಮನೆಗೆ ಬಂದು ಇದ್ದಳು. ನಾನು ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಈ ಕತೆಯ ಅರ್ಧ ಆಕೆಯೇ ಹೇಳಿದ್ದು. ಜೋಳ ಹಸನು ಮಾಡುತ್ತಾ, ಒಣಗಿದ ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ ಹೇಳಿದ್ದು. ಉಳಿದದ್ದು ನಾನು ಕಂಡದ್ದು, ಒಂದಿಷ್ಟು ಬೇರೆಯವರ ಬಾಯಿಂದ ಕೇಳಿದ್ದು.

ಆಕೆಯನ್ನು ಸಣ್ಣ ವಯಸ್ಸಿಗೇ ಅಕ್ಕಲಕೋಟ ಕಡೆಯ ಒಂದು ಮನೆಗೆ ಕೊಟ್ಟಿದ್ದರು. ಆ ಮನೆಯಲ್ಲಿ ಆಕೆ ಏನು ಮಾಡಿದರೂ ತಪ್ಪೇ. ಹಾಲು ಒಡೆದರೆ ಈಕೆಯ ಕೈ, ಎಮ್ಮೆ ಒದ್ದರೆ ಈಕೆಯ ಕೈ, ರೊಟ್ಟಿ ಸೀದರೆ ಅಂತೂ ಹೇಳುವುದೇ ಬೇಡ. “ಈಕಿ ಕೈಗುಣಾನೇ ಸರಿ ಇಲ್ಲ. ಈಕಿ ಮುಟ್ಟಿದ್ದು ಯಾವುದೂ ಉಳಿಯಂಗಿಲ್ಲ” ಎಂದು ಅತ್ತೆ ಓಣಿಯವರ ಮುಂದೆಲ್ಲ ಹೇಳುತ್ತಿದ್ದಳಂತೆ. ಹೊಟ್ಟೆಯಲ್ಲಿದ್ದ ಮಗು ನಿಲ್ಲದೆ ಹೋದಾಗ ಅದೂ ಆ ಕೈಯ ಮೇಲೇ ಬಂತು. ಒಂದು ದಿನ ಗಂಡ ಆಕೆಯನ್ನು ಟ್ರಂಕಿನ ಸಮೇತ ಸರಸಂಬಾದ ಊರಬಾಗಿಲ ಅಗಸಿಯಲ್ಲಿ ಇಳಿಸಿ, ಮನೆತನಕವೂ ಬಾರದೆ ಹೊರಟುಹೋದ.

ಅಜ್ಜ ಚಂದ್ರಾಮಪ್ಪ ಮಾತು ಕಡಿಮೆ ಆಡುವ ಮನುಷ್ಯ. ಮಗಳನ್ನು ಪಡಸಾಲೆಯಲ್ಲಿ ಕೂರಿಸಿ ಆಕೆಯ ಎರಡೂ ಕೈಗಳನ್ನು ಮುಂದೆ ಚಾಚು ಎಂದ. ತಿರುಗಾ ಮುರುಗಾ ಮಾಡಿ ನೋಡಿದ.

“ನನ್ನ ಮಗಳ ಕೈಗೆ ಏನಾಗ್ಯದ? ಎರಡೂ ನೆಟ್ಟಗವ” ಎಂದವನು, ಮುಂದಿನ ವರ್ಷ ಗುಲಬರ್ಗಾಕ್ಕೆ ಕರೆದುಕೊಂಡು ಹೋಗಿ ನರ್ಸ್ ಟ್ರೇನಿಂಗಿಗೆ ಸೇರಿಸಿ ಬಂದ. ಅದು ಎಪ್ಪತ್ತೆರಡರ ಸುಮಾರು. ಲಿಂಗವಂತರ ಹೆಣ್ಣುಮಗಳು ಕಂಡಕಂಡವರ ಮನೆಗೆ ಹೋಗಿ ಹೆರಿಗೆ ಮಾಡಿಸುವುದೇ ಎಂದು ನೆಂಟರು ಮುಖ ತಿರುಗಿಸಿದರು.

ಪಾಠ ಕಲಿತಳು, ಪಾಸೂ ಆದಳು. ಆದರೆ ಮಗುವಿನ ತಲೆ ಕಾಣಿಸಿದ ಕೂಡಲೇ ಆಕೆಯ ಬೆರಳು ನಡುಗುತ್ತಿದ್ದವು. ಅತ್ತೆಯ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಮೊದಲ ಕೆಲಸ ಸಿಕ್ಕದ್ದು ಜಿಡಗಾದ ಹತ್ತಿರದ ಒಂದು ಹಳ್ಳಿಯಲ್ಲಿ, ಅಜೀಜಾಬಿ ಎಂಬ ಹಿರಿಯ ನರ್ಸಿನ ಕೈಕೆಳಗೆ. ಅಜೀಜಾಬಿ ಆಳಂದದವಳು, ದಪ್ಪ ಕನ್ನಡಕ, ಬಾಯಲ್ಲಿ ಸದಾ ಎಲೆಅಡಿಕೆ. ಹೊಸ ಹುಡುಗಿಯ ಕೈ ನಡುಗುವುದನ್ನು ಆಕೆ ಮೊದಲ ವಾರವೇ ಗಮನಿಸಿದ್ದಳು. ಒಂದು ಮುಂಜಾನೆ ಒಬ್ಬಳು ಬಸುರಿ ನೋವು ತಿನ್ನುತ್ತಾ ಬಂದಾಗ ಅಜೀಜಾಬಿ ಗುರುಶಾಂತಮ್ಮನನ್ನು ಒಳಗೆ ಬಿಟ್ಟು ತಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು.

“ಅಮ್ಮಾ, ನೀವೂ ಬರ್ರಿ” ಎಂದು ಗುರುಶಾಂತಮ್ಮ ಬಾಗಿಲಿಗೆ ಬಂದು ಕರೆದಳು.

“ನಾ ಬರಂಗಿಲ್ಲ. ನಾ ಒಳಗ ಇದ್ರ ನೀ ನನ್ನ ಮಾರಿ ನೋಡ್ತಿ. ಹಡಿಯಾಕಿ ಮಾರಿ ನೋಡಬೇಕು ಬೇಟಿ.”

“ಏನಾದ್ರೂ ಆದ್ರ?”

“ಆದ್ರ ಕೂಗು, ಬರ್ತೇನಿ. ಈಗ ಹೋಗು. ಜಲ್ದಿ.”

ಕೂಗುವ ಪ್ರಸಂಗ ಬರಲಿಲ್ಲ. ಕೂಸಿನ ಅಳು ಕೇಳಿದ ಮೇಲೇ ಅಜೀಜಾಬಿ ಎದ್ದು ಒಳಗೆ ಬಂದಳು. ಹೊಕ್ಕಳು ಕಟ್ಟಿದ್ದನ್ನು ನೋಡಿದಳು, ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು, “ಶಾಬಾಶ್” ಎಂದು ಒಂದೇ ಮಾತು ಹೇಳಿ ಚಹಾಕ್ಕೆ ಇಟ್ಟಳು. ಆಮೇಲಿನ ಹೆರಿಗೆಗಳಿಗೆಲ್ಲ ಅಜೀಜಾಬಿ ಕಟ್ಟೆಯ ಮೇಲೆ, ಗುರುಶಾಂತಮ್ಮ ಒಳಗೆ. ಕೆಲವು ತಿಂಗಳಾದ ಮೇಲೆ ಅಜೀಜಾಬಿ ಕಟ್ಟೆಯ ಮೇಲೂ ಕೂರುವುದನ್ನು ಬಿಟ್ಟಳು. ಹೆರಿಗೆ ನಡೆದಿರುವಾಗಲೇ ಸಂತೆಗೆ ಹೋಗಿ ಕಾಯಿಪಲ್ಲೆ ತರುತ್ತಿದ್ದಳು. “ಆಕಿ ನನಗ ಬಿಟ್ಟು ಹೋದಾಗೆಲ್ಲ ನನ್ನ ಕೈ ಇಷ್ಟಿಷ್ಟು ಗಟ್ಟಿ ಆಗಾಕತ್ತಿದ್ವು” ಎಂದು ಗುರುಶಾಂತಮ್ಮ ಹೇಳುತ್ತಿದ್ದಳು.

ಅಲ್ಲಿಂದ ಆಕೆಯನ್ನು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಊರಿಗೆ ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ಜನ ಇನ್ನೂ ಇದ್ದಾರೆ. ಚೌಡಾಪುರದಲ್ಲಿ ಬಸ್ಸಿಳಿದು ಎರೆಹೊಲಗಳ ನಡುವೆ ನಡೆಯಬೇಕು, ನಡುವೆ ಒಂದು ದೊಡ್ಡ ಹಳ್ಳ ದಾಟಬೇಕು. ಮಳೆಗಾಲದಲ್ಲಿ ಹಳ್ಳ ಬಂತೆಂದರೆ ಊರಿಗೂ ಹೊರಗಿನ ಲೋಕಕ್ಕೂ ಸಂಬಂಧ ಹರಿಯಿತು. ಡಾಕ್ಟರು ಇರುವುದು ಹಳ್ಳದ ಆಚೆ, ಹೋಬಳಿ ಊರಿನ ದವಾಖಾನೆಯಲ್ಲಿ. ತಿಂಗಳಿಗೊಮ್ಮೆ ಅಲ್ಲಿಗೆ ಮೀಟಿಂಗಿಗೆ ಹೋಗಿಬರಬೇಕು. ಉಳಿದ ದಿನಗಳಲ್ಲಿ ಆಕೆ ಏನು ಮಾಡಿದಳು, ಏನು ಬಿಟ್ಟಳು ಎಂದು ಕೇಳುವವರು ಒಬ್ಬರೂ ಇಲ್ಲ. ಎರಡು ಖೋಲಿಯ ಕಲ್ಲಿನ ಮನೆ: ಮುಂದಿನದರಲ್ಲಿ ಕಬ್ಬಿಣದ ಮಂಚ, ಔಷಧಿಯ ಕಪಾಟು, ಹಿಂದಿನದರಲ್ಲಿ ಆಕೆಯ ಸಂಸಾರ.

ಹಾಗೆ ಒಂಟಿಯಾಗಿ ಹಾಕಿದ ನರ್ಸುಗಳು ವಾರಕ್ಕೊಮ್ಮೆ ಮುಖ ತೋರಿಸಿ ಹೋಗುವುದು ಆ ಕಾಲಕ್ಕೆ ಹೊಸದೇನಲ್ಲ. ಗುರುಶಾಂತಮ್ಮ ಅಲ್ಲೇ ಉಳಿದಳು. ಮುಂಜಾನೆ ಎದ್ದು ಕತ್ತರಿ, ಸೂಜಿ ಎಲ್ಲ ಸ್ಟೋವಿನ ಮೇಲೆ ಕುದಿಯಲು ಇಡುವಳು, ಆ ದಿನ ಯಾರೂ ಬರದಿದ್ದರೂ ಸರಿ. ಬಸುರಿಯರ ಮನೆಗೆ ತಾನೇ ನಡೆದು ಹೋಗುವಳು. ಊರಿನ ಹಳೆಯ ಸೂಲಗಿತ್ತಿ ಪ್ಯಾರಿಬಿ ಮೊದಲು ಆಕೆಯನ್ನು ಕಂಡರೆ ಉರಿದು ಬೀಳುತ್ತಿದ್ದಳು. ಗುರುಶಾಂತಮ್ಮ ಆಕೆಯ ಮನೆ ಹುಡುಕಿಕೊಂಡು ಹೋಗಿ, “ನನಗ ಒಬ್ಬಾಕಿಗೆ ಆಗಂಗಿಲ್ಲ, ನೀವು ಜೋಡಿಗೆ ಬರ್ರಿ ಅಮ್ಮಾ” ಎಂದು ಕರೆದಳು. ಮುದುಕಿ ಮುಂದಿನ ಹೆರಿಗೆಗೆ ತಾನಾಗಿ ಬಂದು ತಾಯಿಯ ತಲೆಯ ಹತ್ತಿರ ಕೂತಳು.

ಆ ಊರಲ್ಲಿ ಆಕೆಗೆ ತಂಗಿಯ ಹಾಗೆ ಆದವಳು ಸಾಬಮ್ಮ. ಕುರಿ ಕಾಯುವ ಬೀರಣ್ಣನ ಹೆಂಡತಿ, ಮನೆ ಹಿತ್ತಿಲಿಗೆ ಹಿತ್ತಿಲು. ಚೊಚ್ಚಲು ಹೆರಿಗೆಗೆ ಸಾಬಮ್ಮನಿಗೆ ನೋವು ಬಂದದ್ದು ಹಳ್ಳ ತುಂಬಿ ಹರಿಯುತ್ತಿದ್ದ ದಿನ. ಮಗು ಕಾಲು ಮುಂದಾಗಿತ್ತು. ಅಂಥದ್ದನ್ನು ದೊಡ್ಡ ದವಾಖಾನೆಗೇ ಕಳಿಸಬೇಕೆಂದು ಪುಸ್ತಕದಲ್ಲಿದೆ, ಗುರುಶಾಂತಮ್ಮನಿಗೂ ಗೊತ್ತು. ಆದರೆ ಕಳಿಸಲು ದಾರಿ ಎಲ್ಲಿದೆ? ಪ್ಯಾರಿಬಿ ಕಣ್ಣು ಮುಚ್ಚಿ ದುವಾ ಮಾಡತೊಡಗಿದಳು. ಹೊರಗೆ ಬೀರಣ್ಣ ಕಂಬಳಿ ಹೊದ್ದು ಮಳೆಯಲ್ಲೇ ನಿಂತಿದ್ದ.

“ಅವತ್ತು ನನಗ ಅಂಜಿಕಿ ಬರಲಿಲ್ಲ ನೋಡು” ಎಂದಳು ಗುರುಶಾಂತಮ್ಮ ನನಗೆ. “ಅಜೀಜಾಬಿ ಹ್ಯಾಂಗ ಹೇಳಿದ್ದಳೋ ಹಾಂಗ, ಎಳೀಲಿಲ್ಲ, ಕಾದೆ. ಕಾಯೋದೇ ಅಲ್ಲಿ ದೊಡ್ಡ ಕೆಲಸ. ಕೈ ತಾವೇ ಮಾಡಾಕತ್ತಿದ್ವು, ನಾ ಬರೇ ನೋಡಾಕತ್ತಿದ್ದೆ.”

ಗಂಡು ಮಗು. ಎರಡು ವರ್ಷಕ್ಕೆ ಇನ್ನೊಂದು, ಅದೂ ಆಕೆಯ ಕೈಯಲ್ಲೇ. ಸಾಬಮ್ಮ ದಿನಾ ಒಂದು ರೊಟ್ಟಿ, ಶೇಂಗಾ ಹಿಂಡಿಚಟ್ನಿ ತಂದು ಕಿಟಕಿಯಲ್ಲಿ ಇಟ್ಟು ಹೋಗುವಳು. “ಅಕ್ಕಾ, ತಿಂದೀ? ಖರೇ ಹೇಳು” ಎಂದು ಹಿತ್ತಿಲಿಂದ ಕೂಗುವಳು. ನರ್ಸಬಾಯಿಯ ಕೈಗುಣ ಚಲೋ ಅದ ಎಂದು ಆಚೀಚೆ ಹಳ್ಳಿಯವರೂ ಗಾಡಿ ಕಟ್ಟಿಕೊಂಡು ಬರತೊಡಗಿದರು. ಆ ಮಾತು ಮೊದಲ ಸಲ ಕಿವಿಗೆ ಬಿದ್ದ ದಿನ ಆಕೆ ಖೋಲಿಯ ಬಾಗಿಲು ಹಾಕಿಕೊಂಡು ಅತ್ತಳಂತೆ.

ಎಂಬತ್ತರ ಬೇಸಿಗೆ. ಊರಿನ ಗೌಡ ದೌಲತರಾಯನ ಸೊಸೆಗೆ ಮೊದಲ ಹೆರಿಗೆ. ದೊಡ್ಡ ಮನೆಯವರು ಸೊಸೆಯನ್ನು ನರ್ಸಿನ ಮಂಚದ ಮೇಲೆ ಮಲಗಿಸಲು ಒಪ್ಪಲಿಲ್ಲ. ಮನೆಯಲ್ಲೇ ಹಿರಿಯ ಹೆಂಗಸರು ಕಾಯುತ್ತಾ ಕೂತರು. ಹಿಂದಿನ ದಿನ ಶುರುವಾದ ನೋವು ಮರುದಿನ ಮಧ್ಯಾಹ್ನವಾದರೂ ಮುಗಿಯದಿದ್ದಾಗ ಗುರುಶಾಂತಮ್ಮನಿಗೆ ಹೇಳಿಕಳಿಸಿದರು. ಆಕೆ ಹೋಗುವಷ್ಟರಲ್ಲಿ ನೀರು ಹೋಗಿ ಬಹಳ ಹೊತ್ತಾಗಿತ್ತು, ಆ ನೀರು ಹಸಿರಾಗಿತ್ತು, ಮಗು ಒಳಗೇ ಸೋತಿದೆಯೆಂಬ ಗುರುತು. ಮಗು ಕೆಳಗೆ ಬಂದುಬಿಟ್ಟಿತ್ತು. ಎಲ್ಲಿಗೂ ಕಳಿಸುವ ಹೊತ್ತಲ್ಲ. ಹೆರಿಗೆ ಮಾಡಿಸಿದಳು. ಮಗು ಅಳಲಿಲ್ಲ. ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ತನ್ನ ಬಾಯಿಂದ ಅದರ ಬಾಯಿಗೆ ಉಸಿರು ಊದಿದಳು. ಬಹಳ ಹೊತ್ತು ಊದಿದಳು. ಪ್ಯಾರಿಬಿ ಭುಜ ಹಿಡಿದು ಎಬ್ಬಿಸುವ ತನಕ ಊದುತ್ತಲೇ ಇದ್ದಳು.

ದೌಲತರಾಯ ಅಂಗಳದಲ್ಲಿ ನಿಂತು ಕೂಗಿದ: “ನನ್ನ ಮೊಮ್ಮಗನ್ನ ತಿಂದ್ಲು ಈಕಿ! ಯಾರ್ ಕರದ್ರಲೇ ಈಕಿಗೆ?”

ಕರೆಸಿದ್ದು ಅವನ ಹೆಂಡತಿಯೇ. ಆ ಸಂಕಟದಲ್ಲಿ ಅದನ್ನು ಯಾರು ಹೇಳುತ್ತಾರೆ?

ಗೌಡ ಹೋಬಳಿ ಊರಿಗೆ ಹೋಗಿ ಡಾಕ್ಟರನ್ನು ಕಂಡ, ಗುಲಬರ್ಗಾಕ್ಕೂ ಹೋಗಿ ದೊಡ್ಡವರಿಗೆ ಹೇಳಿ ಬಂದ. ಡಾಕ್ಟರು ಆಗಷ್ಟೇ ಮೈಸೂರು ಕಡೆಯಿಂದ ಬಂದ ಹುಡುಗ. ಮೇಲಿನವರು ಅವನನ್ನು ಕರೆದು ಚೆನ್ನಾಗಿ ಝಾಡಿಸಿದ್ದರು. ಅವನಿಗೂ ತನ್ನ ನೌಕರಿಯ ಅಂಜಿಕೆ. ಮುಂದಿನ ಮೀಟಿಂಗಿನಲ್ಲಿ ಎಲ್ಲ ನರ್ಸುಗಳ ಮುಂದೆ ಗುರುಶಾಂತಮ್ಮನನ್ನು ಎಬ್ಬಿಸಿ ನಿಲ್ಲಿಸಿದ.

“ಯಾರನ್ನ ಕೇಳಿ ಹೆರಿಗೆ ಮಾಡ್ಸಿದ್ರಿ?”

“ಕೂಸು ಬಂದಬಿಟ್ಟಿತ್ರಿ ಸಾಹೇಬ್ರ. ಕೇಳಾಕ ಟೈಮ್ ಇರಲಿಲ್ರಿ.”

“ನಿಮ್ಮನ್ನ ನೀವು ಡಾಕ್ಟ್ರು ಅಂದ್ಕೊಂಡಿದ್ದೀರಾ? ಅಲ್ಲಿ ಯಾರೂ ನೋಡೋರಿಲ್ಲ ಅಂತ ನಿಮ್ಮಿಷ್ಟಕ್ಕೆ ಮಾಡ್ತಾ ಹೋಗ್ತೀರಿ. ನಿಮ್ಮ ಕೈಗೆ ಸಿಕ್ಕಿದ್ದು ಯಾವುದು ಉಳಿಯುತ್ತೆ ಹೇಳಿ?”

ಅವನಿಗೆ ಅದು ಸಿಟ್ಟಿನಲ್ಲಿ ಬಂದ ಒಂದು ಮಾತು. ಮರುಗಳಿಗೆಗೆ ಮರೆತಿರಬೇಕು, ಚಹಾ ಬಂದಾಗ ಆಕೆಗೂ ಒಂದು ಕಪ್ಪು ಕೊಡಿ ಎಂದನಂತೆ. ಆದರೆ ಅದು ಅಕ್ಕಲಕೋಟದ ಅತ್ತೆಯ ಮಾತೇ, ನುಡಿ ಬೇರೆ ಅಷ್ಟೇ. ಈ ಸಲ ಅದನ್ನು ಹೇಳಿದವನು ಓದಿದವನು, ಸರ್ಕಾರದವನು. ಗುರುಶಾಂತಮ್ಮ ಅದನ್ನು ನಂಬಿದಳು. ಇಷ್ಟು ವರ್ಷ ಬದುಕಿದ ಮಕ್ಕಳೆಲ್ಲ ತಮ್ಮ ಆಯಸ್ಸಿನಿಂದ ಬದುಕಿದವು, ಸತ್ತ ಒಂದು ಮಾತ್ರ ತನ್ನ ಕೈಯಿಂದ ಸತ್ತಿತು ಎಂದು ಆಕೆಗೆ ಅನಿಸಿತು.

ಆ ವಾರವೇ ಆಳಂದಕ್ಕೆ ಹೋದಳು, ಅಜೀಜಾಬಿಯ ಹತ್ತಿರ. ಆಗ ಅಜೀಜಾಬಿ ನೌಕರಿ ಮುಗಿಸಿ ಮನೆಯಲ್ಲಿದ್ದಳು. ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಗುರುಶಾಂತಮ್ಮ ಮಂಚದ ಹತ್ತಿರ ಕೂತು ಆದದ್ದನ್ನೆಲ್ಲ ಹೇಳಿದಳು. “ನನ್ನದು ತಪ್ಪ ಅದ ಏನ್ರಿ ಅಮ್ಮಾ?” ಎಂದು ಕೇಳಿದಳು. ಅಜೀಜಾಬಿಯ ಬಾಯಿಂದ ಏನೋ ಸದ್ದು ಬಂತು. ಹೌದು ಎಂದಳೋ ಅಲ್ಲ ಎಂದಳೋ ತಿಳಿಯಲಿಲ್ಲ. ಎಡಗೈಯಿಂದ ಈಕೆಯ ಕೈಯನ್ನು ಹಿಡಿದು ಹಾಸಿಗೆಗೆ ಬಡಿದಳು, ಮತ್ತೆ ಮತ್ತೆ ಬಡಿದಳು, ಕಣ್ಣಲ್ಲಿ ನೀರು ಬಂತು. “ಸಿಟ್ಟಿಗೆದ್ದಳೋ, ಸಮಾಧಾನ ಮಾಡಿದಳೋ, ಇವತ್ತಿಗೂ ನನಗ ತಿಳಿದಿಲ್ಲ” ಎನ್ನುತ್ತಿದ್ದಳು ಗುರುಶಾಂತಮ್ಮ.

ಊರಿಗೆ ಮರಳಿದ ಮೇಲೆ ಆಕೆಯ ಕೆಲಸ ಕೆಟ್ಟಿತು. ಹೊರಗಿನಿಂದ ನೋಡುವವರಿಗೆ ಮೊದಲಿಗಿಂತ ಹೆಚ್ಚು ಮಾಡುತ್ತಿದ್ದಳು. ಕುದಿಸಿದ ಸೂಜಿಯನ್ನೇ ಮತ್ತೆ ಕುದಿಸುವಳು. ಬಾಟಲಿಯ ಮೇಲಿನ ಹೆಸರು ಓದಿ, ಇಟ್ಟು, ಮತ್ತೆ ತೆಗೆದು ಓದುವಳು. ಮಗುವಿನ ತೋಳು ಹಿಡಿದು ಸೂಜಿ ಚುಚ್ಚುವ ಮೊದಲು ಅನುಮಾನಿಸಿ ನಿಂತುಬಿಡುವಳು. ಆ ನಿಂತ ಹೊತ್ತಿನಲ್ಲಿ ಮಗು ಕೊಸರಿ ಸೂಜಿ ಮುರಿದದ್ದೂ ಉಂಟು. ಬಸುರಿಯರ ಹೊಟ್ಟೆ ಮುಟ್ಟಿ ನೋಡಿ ಎಲ್ಲ ಸರಿ ಇದೆ ಎನ್ನುವಳು, ಅವರು ಅಂಗಳ ದಾಟುವಷ್ಟರಲ್ಲಿ ಓಡಿ ಹೋಗಿ, “ಎದಕ್ಕೂ ದೊಡ್ಡ ದವಾಖಾನಿಗೆ ಹೋಗಿ ತೋರಿಸಿಬರ್ರಿ” ಎನ್ನುವಳು. ಮೊದಲು ಒಂದೆರಡು ಹೆರಿಗೆ ಕಳಿಸಿದಳು, ಆಮೇಲೆ ಎಲ್ಲವನ್ನೂ ಕಳಿಸತೊಡಗಿದಳು. ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊತ್ತು, ಜನ ಹಳ್ಳ ದಾಟಿ ಹೋದರು. ಬಹಳ ಮಂದಿ ಹೋಗದೆ ಮನೆಯಲ್ಲೇ ಹಡೆದರು.

ಪ್ಯಾರಿಬಿ ಬಂದು ಬೈದಳು. “ಏನಾಗ್ಯದ ಬೇ ನಿನಗ? ಕಣ್ಣ ಕಾಣಂಗಿಲ್ಲ? ಕೈಯಾಗ ದಮ್ ಇಲ್ಲ? ನಿನ್ನ ನೋಡಿ ನಾ ಸುಮ್ಮ ಕುಂತೆ. ಈಗ ನೀನೂ ಸುಮ್ಮ ಕುಂತರ ಈ ಊರಾಗ ಹಡಸಾವ್ರು ಯಾರು?”

“ನನ್ನ ಕೈಯಾಗ ಏನೂ ಉಳಿಯಂಗಿಲ್ರಿ ಅಮ್ಮಾ” ಎಂದಳು ಗುರುಶಾಂತಮ್ಮ.

ಮೀಟಿಂಗಿನಲ್ಲಿ ಮಾತ್ರ ಈಗ ಆಕೆಯ ಮೇಲೆ ಒಂದು ದೂರೂ ಇರಲಿಲ್ಲ.

ಎಂಬತ್ತೊಂದರ ಮಳೆಗಾಲದಲ್ಲಿ ಸಾಬಮ್ಮನಿಗೆ ಮೂರನೆಯದು ತುಂಬಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು, ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸುತ್ತಾ, ತಾನೇ ನಡೆದು ಬಂದಳು. ಬಾಗಿಲಲ್ಲಿ ನೋವು ಬಂದಾಗ ಚೌಕಟ್ಟು ಹಿಡಿದು ನಿಂತು, ಅದು ಇಳಿದ ಮೇಲೆ ನಕ್ಕಳು. “ಅಕ್ಕಾ, ಇದು ಭಾಳ ಅವಸರದ್ದು. ಅಪ್ಪನಂಗ ಅಲ್ಲ.”

ಗುರುಶಾಂತಮ್ಮ ಮಂಚದ ಮೇಲೆ ಮಲಗಿಸಿ ನೋಡಿದಳು. ತಲೆ ಕೆಳಗಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು. ನೋವು ಹತ್ತಿರ ಹತ್ತಿರ ಬರುತ್ತಿತ್ತು. ಮೂರನೆಯ ಹೆರಿಗೆ, ಇನ್ನು ಬಹಳ ಹೊತ್ತು ಹಿಡಿಯುವುದಿಲ್ಲ. ಇದೆಲ್ಲ ಆಕೆಗೆ ಗೊತ್ತಿತ್ತು. ಎದೆಬಡಿತ ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಈಗ ನಿಧಾನ ಆಯಿತೇ? ಇಲ್ಲ, ಸರಿಯಾಗೇ ಇದೆ. ಕಿವಿಯೇ ಸರಿಯಿಲ್ಲವೇನೋ. ಆಕೆಯ ಬೆರಳು ನಡುಗತೊಡಗಿದವು. ಮಂಚದ ಮೇಲೆ ಸಾಬಮ್ಮ ಇರಬೇಕಾದಲ್ಲಿ ಗೌಡರ ಮನೆಯ ಆ ಕೂಸಿನ ನೀಲಿಗಟ್ಟಿದ ಮುಖವೇ ಕಂಡಿತು.

“ಸಾಬಮ್ಮಾ, ದೊಡ್ಡ ದವಾಖಾನಿಗೆ ಹೋಗು.”

“ಯಾಕಕ್ಕಾ? ಏನರ ಆಗ್ಯದ?”

“ಏನೂ ಆಗಿಲ್ಲ. ಹೋಗು.”

“ಎರಡು ಕೂಸು ನಿನ್ನ ಕೈಯಾಗ ಹಡದೇನಿ. ಕಾಲು ಮುಂದ ಮಾಡಿ ಬಂದದ್ದನ್ನೇ ಹೊರಗ ತಗದೀ ನೀನು.”

ಪ್ಯಾರಿಬಿ ಅಷ್ಟರಲ್ಲಿ ಬಂದಿದ್ದಳು. ಸಾಬಮ್ಮನ ಹೊಟ್ಟೆ ಮುಟ್ಟಿ ನೋಡಿ ಗುರುಶಾಂತಮ್ಮನ ಕಡೆ ತಿರುಗಿದಳು. “ಹಾದ್ಯಾಗ ಹಡೀತಾಳ ಈಕಿ. ಅಲ್ಲಾನ ಮ್ಯಾಲ ಆಣಿ ಮಾಡಿ ಹೇಳ್ತೇನಿ, ಹಳ್ಳ ಮುಟ್ಟೂದ್ರಾಗ ಹಡೀತಾಳ.”

“ಅಲ್ಲೀತನಕ ಏನೂ ಆಗಂಗಿಲ್ಲ. ಬೀರಣ್ಣಗ ಕರೀರಿ, ಗೌಡರ ಟ್ರ್ಯಾಕ್ಟರ್ ಕೇಳ್ರಿ” ಎಂದು ಗುರುಶಾಂತಮ್ಮ ಹೊರಗೆ ಬಂದು ನಿಂತಳು.

ಗೌಡ ದೌಲತರಾಯ ಇಲ್ಲವೆನ್ನಲಿಲ್ಲ. ಮೊಮ್ಮಗ ಹೋದ ಮೇಲೆ ಮೆತ್ತಗಾಗಿದ್ದ. ಟ್ರಾಲಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಕಳಿಸಿಕೊಟ್ಟ. ಸಾಬಮ್ಮ ಹತ್ತಿದಳು, ಪ್ಯಾರಿಬಿ ಜೊತೆಗೆ ಹತ್ತಿದಳು, ಬೀರಣ್ಣ ಹಿಂದೆ ನಿಂತ. ಟ್ರ್ಯಾಕ್ಟರ್ ಕೆಸರಲ್ಲಿ ಹೊರಳುತ್ತಾ ಅಗಸಿ ದಾಟಿತು. ಗುರುಶಾಂತಮ್ಮ ಒಳಗೆ ಬಂದು ಮಂಚ ಒರೆಸಿದಳು.

“ನೀನೂ ಜೋಡಿಗೆ ಯಾಕ ಹೋಗಲಿಲ್ಲ ಅತ್ತಿ?” ಎಂದು ನಾನು ಒಮ್ಮೆ ಕೇಳಿದೆ. ಕೇಳಬಾರದಿತ್ತು. ಆಕೆ ಮೊರದಲ್ಲಿದ್ದ ಜೋಳವನ್ನು ಬೆರಳಿಂದ ಸರಿಸಿದಳು.

“ಹೋಗಿದ್ರ ಅಲ್ಲಿ ನಾನೇ ಮಾಡಬೇಕಾಗ್ತಿತ್ತು. ಅದಕ್ಕೇ ಹೋಗಲಿಲ್ಲ.”

ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ, ಆದರೆ ರಾಡಿ ಇತ್ತು. ಟ್ರಾಲಿಯ ಗಾಲಿ ಹೂತುಕೊಂಡಿತು. ಬೀರಣ್ಣ, ಡ್ರೈವರ್ ಇಬ್ಬರೂ ಇಳಿದು ಕಲ್ಲು ಹಾಕಿ ತಳ್ಳುತ್ತಿರುವಾಗಲೇ ಸಾಬಮ್ಮ ಹಡೆದಳು. ಹೆಣ್ಣು ಮಗು, ಗಟ್ಟಿಯಾಗಿ ಅತ್ತಿತು. ಪ್ಯಾರಿಬಿ ತನ್ನ ಓಢಣಿ ಹರಿದು ಸುತ್ತಿದಳು. ಆಮೇಲೆ ನೆತ್ತರು ನಿಲ್ಲಲಿಲ್ಲ. ಮುದುಕಿ ಗೊತ್ತಿದ್ದದ್ದೆಲ್ಲ ಮಾಡಿದಳು, ಹೊಟ್ಟೆ ತಿಕ್ಕಿದಳು, ಕೂಸಿಗೆ ಎದೆ ಹಿಡಿಸಿದಳು. ಕೌದಿ ತೊಯ್ದು ಹುಲ್ಲು ತೊಯ್ದಿತು. ಗಾಲಿ ರಾಡಿಯಿಂದ ಮೇಲೆ ಬರುವಷ್ಟರಲ್ಲಿ ಸಾಬಮ್ಮನ ತುಟಿ ಬಿಳಿಚಿ, ಮಾತು ನಿಂತಿತ್ತು. ದವಾಖಾನೆ ಕಣ್ಣಿಗೆ ಬೀಳುವ ಮೊದಲೇ ಜೀವ ಹೋಯಿತು.

ನೆತ್ತರು ನಿಲ್ಲಿಸುವ ಇಂಜೆಕ್ಷನ್ ಗುರುಶಾಂತಮ್ಮನ ಕಪಾಟಿನಲ್ಲಿತ್ತು.

ಟ್ರ್ಯಾಕ್ಟರ್ ಮರಳಿ ಬಂದದ್ದನ್ನು ಆಕೆ ಕಿಟಕಿಯಿಂದ ನೋಡಿದಳು. ಡ್ರೈವರ್ ನಿಧಾನವಾಗಿ ನಡೆಸುತ್ತಿದ್ದ. ಅದರಲ್ಲೇ ಆಕೆಗೆ ತಿಳಿಯಿತು.

ಡಾಕ್ಟರು ಮಾರನೆಯ ವಾರ ಜೀಪಿನಲ್ಲಿ ಬಂದ. ತಾಯಿ ಸತ್ತ ಕಡೆ ವಿಚಾರಣೆ ಮಾಡಬೇಕಿತ್ತು. ಎಲ್ಲ ಕೇಳಿದ ಮೇಲೆ ಗುರುಶಾಂತಮ್ಮನಿಗೆ, “ನೀವು ಸರಿಯಾಗೇ ಮಾಡಿದ್ದೀರಿ. ಟೈಮಿಗೆ ಕಳಿಸಿದ್ದೀರಿ. ದಾರೀಲಿ ಆಗಿದ್ದಕ್ಕೆ ನೀವೇನು ಮಾಡೋಕಾಗುತ್ತೆ?” ಎಂದ.

“ಸಾಹೇಬ್ರ, ನಾ ಇಲ್ಲೇ ಹಡಸಬಹುದಿತ್ರಿ. ಎಲ್ಲಾ ಸರಿ ಇತ್ರಿ. ನನಗ ಗೊತ್ತಿತ್ರಿ.”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಹಾಗೆಲ್ಲ ಹೇಳ್ಬೇಡಿ ಸಿಸ್ಟರ್. ಎಲ್ಲೂ ಹೇಳ್ಬೇಡಿ.” ಅವನ ದನಿಯಲ್ಲಿ ಈ ಸಲ ಕರುಣೆಯೇ ಇತ್ತು. ಮುಂದಿನ ಮೀಟಿಂಗಿನಲ್ಲಿ, ಅನುಮಾನ ಬಂದ ಕೂಡಲೇ ಹೇಗೆ ಕಳಿಸಬೇಕು ಎಂಬುದಕ್ಕೆ ಗುರುಶಾಂತಮ್ಮನ ಹೆಸರನ್ನೇ ಹೇಳಿದ. ಎಲ್ಲರ ಮುಂದೆ ಹೊಗಳಿಸಿಕೊಂಡ ಆಕೆ ಚಹಾ ಬರುವ ಮೊದಲೇ ಎದ್ದು ಊರಿನ ಹಾದಿ ಹಿಡಿದಳು.

ಬೀರಣ್ಣ ಮಣ್ಣು ಮಾಡಿದ ಮೂರನೆಯ ದಿನವೇ ಬಂದಿದ್ದ. ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಅಂಗಳದಲ್ಲೇ ನಿಂತು, “ನೀವು ಟ್ರ್ಯಾಕ್ಟರ್ ಕೊಡಿಸಿದ್ರಿ ಅಕ್ಕೋರೆ. ನಿಮ್ಮ ಉಪಕಾರ ಆತ್ರಿ” ಎಂದು ಕೈ ಮುಗಿದ. ಸಾಬಮ್ಮನ ಇಬ್ಬರು ಗಂಡುಮಕ್ಕಳು ಅವನ ಧೋತರ ಹಿಡಿದುಕೊಂಡಿದ್ದರು.

ಆ ವರ್ಷವೇ ಗುರುಶಾಂತಮ್ಮ ವರ್ಗಾವಣೆ ಕೇಳಿಕೊಂಡಳು. ಒಂಟಿ ಊರು ಬೇಡ, ಮೇಲೆ ಒಬ್ಬರು ನಿಂತು ಹೇಳುವ ಜಾಗ ಬೇಕು ಎಂದು ಬೇಡಿಕೊಂಡಳು. ಜೇವರ್ಗಿಗೆ ಹಾಕಿದರು. ಅಲ್ಲಿ ಔಷಧಿ ಹಂಚುವ ಕಡೆ, ಪಟ್ಟಿ ಕಟ್ಟುವ ಕಡೆ ಕೆಲಸ ಮಾಡಿದಳು. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ನರ್ಸು ಎಂದು ಒಳ್ಳೆಯ ಹೆಸರಿತ್ತು. ಹೆರಿಗೆ ಖೋಲಿಯ ಕಡೆ ಹೋಗುತ್ತಿರಲಿಲ್ಲ. ಅಲ್ಲಿಂದ ಕೂಗು ಕೇಳಿದರೆ ಎದ್ದು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಕಾಲ ಮುಗಿಯುವ ಮೊದಲೇ ನೌಕರಿ ಬಿಟ್ಟು ತೊಂಬತ್ತಾರರಲ್ಲಿ ನನ್ನ ಮನೆಗೆ ಬಂದಳು. ಅದಕ್ಕೂ ಮೊದಲು ನನ್ನ ಮಗಳು ಹುಟ್ಟಿದಾಗ ಆಕೆ ನೋಡಲು ಬಂದಳು, ದೂರ ನಿಂತು ನೋಡಿದಳು, ಎತ್ತಿಕೋ ಎಂದರೆ, “ಬ್ಯಾಡ, ದೊಡ್ಡಾಕಿ ಆಗಲಿ” ಎಂದಳು.

ತೊಂಬತ್ತೊಂಬತ್ತರಲ್ಲಿ ಒಂದು ಭಾನುವಾರ ಮುಂಜಾನೆ ಬೀರಣ್ಣ ನಮ್ಮ ಮನೆ ಹುಡುಕಿಕೊಂಡು ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು. ಜೊತೆಯಲ್ಲಿ ಒಬ್ಬಳು ಹುಡುಗಿ, ತುಂಬಿದ ಬಸುರಿ. “ಇದು ಬಾಳಮ್ಮರಿ” ಎಂದ. “ಬಾಳಲಿ ಅಂತ ಪ್ಯಾರಿಬಿನೇ ಹೆಸರಿಟ್ಟಿದ್ಲು. ಆಕಿ ಸತ್ತು ಭಾಳ ವರ್ಷ ಆತು.”

ಗುರುಶಾಂತಮ್ಮ ಹುಡುಗಿಯ ಮುಖ ನೋಡಿದಳು. ಸಾಬಮ್ಮನದೇ ಮುಖ, ನಕ್ಕರೆ ಅದೇ ಹಲ್ಲು ಎಂದು ಆಮೇಲೆ ನನಗೆ ಹೇಳಿದಳು. ಆಕೆ ಗೋಡೆ ಹಿಡಿದು ಕೂತಳು. ನಾನು ಹುಡುಗಿಗೆ ಚಾಪೆ ಹಾಸಿ ನೀರು ಕೊಟ್ಟೆ.

“ಒಮ್ಮಿ ಹೊಟ್ಟಿ ಮುಟ್ಟಿ ನೋಡ್ರಿ ಅಕ್ಕೋರೆ. ಗುಲಬರ್ಗಾದಾಗ ತೋರಿಸೇವಿ. ಆದ್ರೂ ನೀವು ನೋಡಿದ್ರ ನನಗ ಧೈರ್ಯ” ಎಂದ ಬೀರಣ್ಣ.

ಗುರುಶಾಂತಮ್ಮನ ಬಾಯಿಂದ ಅವನ ಮುಂದೆ ಇಷ್ಟು ವರ್ಷ ಹೊರಬಾರದ ಮಾತು ಆಗ ಬಂತು. “ಬೀರಣ್ಣಾ, ಅವತ್ತು ನಾನೇ ಹಡಸಬಹುದಿತ್ತು. ಎಲ್ಲಾ ಸರಿ ಇತ್ತು. ನಾ ಅಂಜಿ ಕಳಿಸಿದೆ. ನಿನ್ನ ಹೆಂಡತಿ ನನ್ನಿಂದ ಸತ್ಲು.”

ಬೀರಣ್ಣ ರುಮಾಲು ತೆಗೆದು ಮುಖ ಒರೆಸಿಕೊಂಡ. ಹುಡುಗಿ ತಲೆ ತಗ್ಗಿಸಿದಳು.

“ಗೊತ್ತದರಿ” ಎಂದ. “ಆಗಿಂದ ಗೊತ್ತದ. ಪ್ಯಾರಿಬಿ ಹಾದ್ಯಾಗೇ ಬಾಯಿ ಬಡಕೊಂಡು ಹೇಳಿದ್ಲು.”

“ಮತ್ತ ನನಗ ಕೈ ಯಾಕ ಮುಗದೀ?”

“ನಾನೂ ಅವತ್ತು ಟ್ರ್ಯಾಕ್ಟರ್ ತಗೊಂಡು ಬರೋಮುಂದ ನಮ್ಮ ಸಾಬಿಗೆ ಅಂದೆರಿ, ಹೋಗೂದು ಬ್ಯಾಡ, ಇಲ್ಲೇ ಮಲಕೊಂಡಬಿಡು, ಅಕ್ಕೋರು ಹಡಸದೇ ಎಲ್ಲಿ ಹೋಗ್ತಾರ ಅಂತ. ಆಕಿ ಒಪ್ಪಲಿಲ್ರಿ. ಅಕ್ಕ ಅಂಜ್ಯಾಳ, ಕೈ ನಡಗಾಕತ್ತಾವ, ನಾ ಇಲ್ಲೇ ಕುಂತ್ರ ಆಕಿ ಸತ್ತ ಹೋಗ್ತಾಳ, ನಡೀರಿ ಹೋಗಮು ಅಂದ್ಲು. ನಿಮಗ ಯಾರೂ ಏನೂ ಅನಬ್ಯಾಡ್ರಿ ಅಂತ ಟ್ರಾಲಿ ಹತ್ತೋಮುಂದ ಹೇಳಿದ್ಲು. ಅದಕ್ಕ ಬಂದು ಕೈ ಮುಗದೆರಿ.”

ಗುರುಶಾಂತಮ್ಮ ಅಳಲಿಲ್ಲ. ಬಾಳಮ್ಮ ಸರಿದು ಹತ್ತಿರ ಬಂದು, ಆಕೆಯ ಕೈಯನ್ನು ತಾನೇ ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಗುರುಶಾಂತಮ್ಮನ ಬೆರಳುಗಳು ಒಂದು ಗಳಿಗೆ ಹಾಗೇ ಇದ್ದವು, ಆಮೇಲೆ ತಾವಾಗಿ ಚಲಿಸಿದವು, ಒಂದು ಕಡೆ ಒತ್ತಿ, ಇನ್ನೊಂದು ಕಡೆ ತಡವಿ, ಕೆಳಗೆ ಹೋಗಿ ನಿಂತವು. ತುಟಿ ಅಲುಗಿತು. ಏನೋ ಹೇಳಹೊರಟವಳು ಕೈಯನ್ನು ಬೆಂಕಿ ತಾಗಿದ ಹಾಗೆ ಹಿಂದೆ ತೆಗೆದುಕೊಂಡಳು.

“ನನಗ ತಿಳಿಯಂಗಿಲ್ಲ ಯವ್ವಾ” ಎಂದಳು. “ನಾ ಮರತೇನಿ. ಡಾಕ್ಟರಿಗೆ ಕೇಳ್ರಿ.”

ಅವರು ಊಟ ಮಾಡಿ ಹೊರಟರು. ಆ ದಿನವೆಲ್ಲ ಗುರುಶಾಂತಮ್ಮ ಮಲಗಿದಲ್ಲಿಂದ ಏಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಗುಲಬರ್ಗಾದಲ್ಲಿ ಬಾಳಮ್ಮ ಹಡೆದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಬೀರಣ್ಣ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ. ನಾನು ಶಾಲೆಯಿಂದ ಬಂದವಳೇ ಸುದ್ದಿ ಹೇಳಿದೆ. ಗುರುಶಾಂತಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

“ಹಡಿಯೋಮುಂದ ಜೋಡಿಗೆ ಯಾರಿದ್ರಂತ?” ಎಂದು ಕೇಳಿದಳು.

“ಅದು ಗೊತ್ತಿಲ್ಲ ಅತ್ತಿ. ಯಾರೋ ನರ್ಸು ಇದ್ದಿರಬೇಕು.”

“ಆಕಿ ಹೆಸರು ಕೇಳಬೇಕಿತ್ತು” ಎಂದಳು.